ಮೂರು ಹಲ್ಲಿನ ಹಣಿಗೆ

ಅರವತ್ತರ ದಶಕದ ಮೊದಲಲ್ಲಿ ನಾನು ವಿಜಯಪುರದ ದವಾಖಾನೆಯೊಂದರ ಕಣ್ಣಿನ ವಿಭಾಗಕ್ಕೆ ನರ್ಸಾಗಿ ಸೇರಿದೆ. ಊರನ್ನು ಆಗ ಎಲ್ಲರೂ ಬಿಜಾಪುರ ಅನ್ನುತ್ತಿದ್ದರು. ಬಂದವರನ್ನು ಗೋಡೆಯ ಅಕ್ಷರಪಟದ ಎದುರು ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುವುದು, ಎಷ್ಟನೆಯ ಸಾಲಿನವರೆಗೆ ಓದಿದರೆಂದು ಚೀಟಿಯಲ್ಲಿ ಬರೆಯುವುದು ನನ್ನ ಕೆಲಸ.

ಒಂದು ದಿನ ಜೈನಾಪುರದಿಂದ ಅಜ್ಜಿಯೊಬ್ಬಳು ಮಗನ ಜೊತೆ ಬಂದಳು. ಎಡಗಣ್ಣಿನ ಪೊರೆ ಬಲಿತು ಬೆಳ್ಳಗಾಗಿತ್ತು. ಬಲಗಣ್ಣಿನಿಂದ ಓದಲು ಹೇಳಿದೆ.

"ಏನೂ ಕಾಣಂಗಿಲ್ರಿ ಬಾಯಾರ."

ಎಲ್ಲಕ್ಕಿಂತ ದೊಡ್ಡ ಅಕ್ಷರ ತೋರಿಸಿದರೂ ಅದೇ ಮಾತು. ಎರಡೂ ಕಣ್ಣು ಕಾಣುವುದಿಲ್ಲ ಎಂದು ಬರೆದುಬಿಟ್ಟೆ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರೆ ಬಲಗಣ್ಣು ತಿಳಿಯಾಗಿಯೇ ಇತ್ತು. "ಹಾಗಾದರೆ ಒಳಗಿನ ನರ ಹೋಗಿರಬೇಕು. ಮಿರಜಿನ ದೊಡ್ಡ ದವಾಖಾನೆಗೆ ಕಳಿಸೋಣ," ಅಂದರು.

ಚೀಟಿ ಕೊಡಲು ಹೊರಗೆ ಹೋದೆ. ಅಜ್ಜಿ ಬೇವಿನ ಗಿಡದ ಕೆಳಗೆ ಕೂತಿದ್ದಳು. ಗೇಟಿನ ಕಡೆ ಗದ್ದ ಎತ್ತಿ, "ಅಗಾ ಅಲ್ಲಿ, ನನ್ನ ಮಗಾ ಬಂದಾ ನೋಡ್ರಿ," ಅಂದಳು. ಅಲ್ಲಿ ಮಂದಿಯೋ ಮಂದಿ. ನನಗೇ ಗುರುತು ಹತ್ತಲಿಲ್ಲ.

"ಯಾವಂವಾ?"

"ಕೆಂಪ ರುಮಾಲದಾಂವ. ಕೈಯಾಗ ಬಾಳೇಹಣ್ಣ ಹಿಡದಾನಲ್ರಿ."

ಹೌದು, ಅವನೇ. ನಾನು ಅವಳ ಪಕ್ಕದಲ್ಲಿ ಕೂತೆ. "ಅಜ್ಜೀ, ಬಾಳೇಹಣ್ಣ ಕಾಣ್ತಾವ, ಗ್ವಾಡಿ ಮ್ಯಾಗಿನ ಅಕ್ಷರ ಕಾಣಂಗಿಲ್ಲೇನ?"

ಅವಳು ಸೆರಗನ್ನು ಬಾಯಿಗೆ ಹಿಡಿದಳು. "ಕರ್ರಗ ಬರದದ್ದು ಕಾಣ್ತೈತಿ ಯವ್ವಾ. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಓದಾಕ ಬರಂಗಿಲ್ಲಂತ ಅಷ್ಟ ಮಂದ್ಯಾಗ ಹ್ಯಾಂಗ ಹೇಳ್ಲಿ?"

ಹೀಗೆ ಇನ್ನೆಷ್ಟು ಜನರ ಚೀಟಿಯಲ್ಲಿ ತಪ್ಪು ಬರೆದಿದ್ದೆನೋ! ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಹಾಳೆಯ ಮೇಲೆ ಒಂದು ಪಟ್ಟಿ ಎಳೆದು, ಅದರ ಒಂದೇ ಬದಿಗೆ ಮೂರು ಹಲ್ಲು ಬರೆದರು. ದೊಡ್ಡ ದವಾಖಾನೆಗಳಲ್ಲಿ ಅಕ್ಷರದ ಬದಲು ಈ ಆಕಾರವನ್ನೇ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ ಬರೆದಿರುತ್ತಾರಂತೆ. ನೋಡುವವರು ಕೈಯಲ್ಲಿನ ಅದೇ ಆಕಾರದ ಮರದ ತುಂಡನ್ನು ಅದರಂತೆ ತಿರುಗಿಸಿ ತೋರಿಸಿದರೆ ಸಾಕು, ಓದು ಬೇಕಿಲ್ಲ.

"ಸರ್, ನಮ್ಮಪ್ಪ ಬಡಗಿ," ಅಂದೆ.

ಅಜ್ಜಿಗೆ ಮುಂದಿನ ವಾರ ಬರಲು ಹೇಳಿ, ರವಿವಾರ ನಮ್ಮೂರು ಬಬಲೇಶ್ವರದ ಬಸ್ಸು ಹತ್ತಿದೆ. ಡಾಕ್ಟರು ಬರೆದುಕೊಟ್ಟ ಪಟವೂ ಜೊತೆಗಿತ್ತು. ಅಪ್ಪ ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡಿದ.

"ಇದು ಹಣಿಗಿ ಅಲ್ಲೇನ ಬೇ?"

"ಹಣಿಗಿನ. ಆದ್ರ ಹಲ್ಲ ಎಷ್ಟ ದಪ್ಪೋ ಸಂದೂ ಅಷ್ಟ ಇರಬೇಕು."

ಸಾಗವಾನಿಯ ತುಂಡು ಕೊಯ್ದ, ಉಜ್ಜಿದ, ಹಿಡಿಕೆ ಕೂಡಿಸಿದ, ಒಂದೊಂದು ಹಲ್ಲನ್ನೂ ಹೆಬ್ಬೆರಳಿನಿಂದ ಸವರಿ ನೋಡಿದ. ನಾನು ಪಟವನ್ನು ಗೋಡೆಗೆ ಅಂಟಿಸಿ, "ಮೊದಲ ನೀನ ತೋರ್ಸಪಾ," ಅಂದೆ. ಮೂರನೆಯ ಸಾಲಿಗೇ ತಪ್ಪಿದ. "ಚಿತ್ರ ಸೊಟ್ಟ ಐತಿ," ಅಂದ. ಇನ್ನೊಮ್ಮೆ ತೋರಿಸಿದೆ, ಮತ್ತೆ ತಪ್ಪಿದ. ಆಮೇಲೆ ಹಣಿಗೆಯನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದ: "ವರ್ಷಾತು, ಕೈಲೇನ ಅಳತಿ ಮಾಡಾಕತ್ತೇನಿ. ನಿಮಗ್ಯಾಕ ಚಿಂತಿ ಅಂತ ಹೇಳಿಲ್ಲ."

ಮರುದಿನ ಅವನನ್ನೂ ಕರೆದುಕೊಂಡೇ ಬಂದೆ. ಅವನಿಗೆ ಕನ್ನಡಕ ಸಿಕ್ಕಿತು.

ಹೇಳಿದ ದಿನ ಅಜ್ಜಿ ಬಂದಳು. ಬಲಗಣ್ಣಿನಿಂದ ಕೊನೆಯ ಸಾಲಿನವರೆಗೂ ಹಣಿಗೆಯನ್ನು ಸರಿಯಾಗಿ ತಿರುಗಿಸಿದಳು. ಡಾಕ್ಟರು ಚೀಟಿಯಲ್ಲಿದ್ದ ಮಿರಜನ್ನು ಹೊಡೆದುಹಾಕಿದರು. ಎಡಗಣ್ಣಿನ ಪೊರೆ ಹಾಗೇ ಬಿಟ್ಟರೆ ಒಳಗೇ ಒಡೆದು ಕಣ್ಣು ಕೆಡುತ್ತದೆಂದು ಅದನ್ನು ತೆಗೆದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು ಮಲಗಿಸಿದ್ದ ಆ ದಿನಗಳಲ್ಲಿ ಅವಳಿಗೆ ಊಟ ತಿನ್ನಿಸಿದವಳು ನಾನೇ. ಕೆಲವು ವಾರಗಳ ನಂತರ ಎಡಗಣ್ಣಿನ ಮುಂದೆ ದಪ್ಪ ಗಾಜು ಹಿಡಿದಾಗ ಐದು ಸಾಲು ಸರಿಯಾಗಿ ತೋರಿಸಿದಳು.

"ಇಷ್ಟ ಓದೀನಂದ್ರ ನಾನೂ ಸಾಲಿ ಕಲ್ತಂಗಾತು!" ಅಂದಳು. ಡಾಕ್ಟರೂ ನಕ್ಕರು.

ಅಪ್ಪ ಇನ್ನೂ ಆರು ಹಣಿಗೆ ಮಾಡಿಕೊಟ್ಟ. ತಿಕೋಟಾ, ಅರಕೇರಿಯಿಂದ ಬಂದ ರೈತರು, ಬುರ್ಖಾ ತೊಟ್ಟ ಹೆಂಗಸರು, ಎಲ್ಲರೂ ಅವನ್ನು ಹಿಡಿದು ನಾಚಿಕೆಯಿಲ್ಲದೆ ಪಟದ ಎದುರು ಕೂರುತ್ತಿದ್ದರು. ಅಪ್ಪ ಬಬಲೇಶ್ವರದಲ್ಲಿ ಎಷ್ಟೋ ಮನೆಗಳ ಬಾಗಿಲು ಮಾಡಿದ್ದ, ಅದರ ಮಾತು ಎಂದೂ ಆಡಿದವನಲ್ಲ. ಇದನ್ನು ಮಾತ್ರ ಯಾರು ಸಿಕ್ಕರೂ ಹೇಳುತ್ತಿದ್ದ: "ಬಿಜಾಪುರದ ದವಾಖಾನ್ಯಾಗ ನನ್ನ ಮಗಳೂ ಅದಾಳ, ನನ್ನ ಕೆಲಸಾನೂ ಐತಿ."