ಬಡವರನ್ನು ಗುರುತಿಸುವ ಕೆಲಸ

ಪುಣೆಯ ಹಳೆಯ ಕಟ್ಟಡಗಳನ್ನು ಜನರಿಗೆ ತೋರಿಸಿಕೊಂಡು ತಿರುಗುವುದು ನನ್ನ ನಿವೃತ್ತಿಯ ಚಟ. ಕಾಲೇಜಿನಲ್ಲಿ ಇತಿಹಾಸ ಹೇಳುವಾಗ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಈಗ ಶನಿವಾರ ಬೆಳಿಗ್ಗೆ ಕೋಥರೂಡ, ಮಗರಪಟ್ಟಾ ಕಡೆಯಿಂದ ಜನ ತಾವಾಗಿಯೇ ಬಂದು ಕಿವಿಗೊಟ್ಟು ನಿಲ್ಲುತ್ತಾರೆ. ಅದರಿಂದ ನನಗೆ ಒಂದಿಷ್ಟು ಕೊಬ್ಬು ಬಂದಿತ್ತು.

ನಮ್ಮ ಸುತ್ತಾಟ ಮುಗಿಯುವುದು ಬ್ರಿಟಿಷರ ಕಾಲದ ಒಂದು ಧರ್ಮಾಸ್ಪತ್ರೆಯಲ್ಲಿ. ಅದು ಇಂದಿಗೂ ನಡೆಯುತ್ತಿದೆ. ಕೆಲವು ಮಂಚ ಬಡವರಿಗೆ ಪುಕ್ಕಟೆ, ಉಳಿದವು ದುಡ್ಡು ಕೊಡುವವರಿಗೆ. ಅಲ್ಲಿಯ ವರಾಂಡದಲ್ಲಿ ನಿಂತು, ಆ ಕಾಲದಲ್ಲಿ ಜಿಲ್ಲೆಗಳ ಆಸ್ಪತ್ರೆಗಳು ಹೇಗೆ ನಡೆಯುತ್ತಿದ್ದವು ಎಂದು ನಾನು ಹೇಳುತ್ತಿದ್ದೆ. ಸರ್ಕಾರ ಡಾಕ್ಟರ ಸಂಬಳ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಮುನಿಸಿಪಾಲಿಟಿ ಕೊಸರಾಡಿಕೊಂಡು ಏನೋ ಒಂದಿಷ್ಟು ಕೊಡುತ್ತಿತ್ತು. ಗಂಜಿಗೆ, ಕಂಬಳಿಗೆ ಊರ ಸಾಹುಕಾರರ ಮುಂದೆ ಕೈಚಾಚಬೇಕು; ಅವರು ಒಂದು ಮಂಚ ಕೊಟ್ಟರೆ ಮೇಲಿನ ಗೋಡೆಗೆ ಅವರ ಹೆಸರಿನ ಕಲ್ಲು. ಹಣ ಸಾಲದೆ ಬಂದಾಗಲೆಲ್ಲ, ಉಳ್ಳವರೂ ಬಡವರ ವೇಷದಲ್ಲಿ ಬಂದು ಪುಕ್ಕಟೆ ಉಣ್ಣುತ್ತಿದ್ದಾರೆ ಎಂಬ ಗುಮಾನಿ ಏಳುತ್ತಿತ್ತು. ಆಗ ಬಾಗಿಲಲ್ಲಿ ಒಬ್ಬ ಗುಮಾಸ್ತ ನಿಂತು, ಬಂದವರ ಕಿವಿ, ಮೂಗು, ಕಾಲಿನಲ್ಲಿ ಒಡವೆ ಇದೆಯೇ ಎಂದು ನೋಡಿ, ಎರಡು ಮಾತು ಕೇಳಿ, ಇವನು ಬಡವ, ಇವನು ಅಲ್ಲ ಎಂದು ತೀರ್ಮಾನಿಸುತ್ತಿದ್ದ. ಹುಬ್ಬು ಗಂಟಿಕ್ಕಿ ನಾನು ಆ ಗುಮಾಸ್ತನನ್ನು ನಟಿಸಿ ತೋರಿಸುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಹೋದ ವರ್ಷದ ಒಂದು ಶನಿವಾರವೂ ನಕ್ಕರು. ನಗು ನಿಲ್ಲುವ ಮೊದಲೇ, ನಾನು ಕನ್ನಡದವಳೆಂದು ತಿಳಿದಿದ್ದ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಅಧಿಕಾರಿ ಬಂದು, ಒಬ್ಬರ ಕನ್ನಡ ತನಗೆ ತಿಳಿಯುತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿ ನನ್ನನ್ನು ಒಳಗೆ ಕರೆದೊಯ್ದಳು.

ಅಲ್ಲಿ ಸ್ಟ್ರೆಚರಿನ ಮೇಲೆ, ಹಡಪಸರದ ಕೂಲಿಗಳ ಶೆಡ್ಡಿನಲ್ಲಿ ಇರುವ ಒಬ್ಬ ಗಾರೆ ಕೆಲಸದವನು ಮಲಗಿದ್ದ. ಕಟ್ಟುತ್ತಿದ್ದ ಮನೆಯ ಮಹಡಿಯಿಂದ ಬಿದ್ದು ಅವನ ತೊಡೆಯ ಮೂಳೆ ಮುರಿದಿತ್ತು, ಆಪರೇಷನ್ ಆಗಬೇಕಿತ್ತು. ತಲೆದೆಸೆಯಲ್ಲಿ ಹೆಂಡತಿ ನಿಂತಿದ್ದಳು.

"ಇವರ ಕಾಗದಪತ್ರ ಎಲ್ಲಾ ಊರಲ್ಲಿದೆಯಂತೆ" ಎಂದಳು ಅಧಿಕಾರಿ. "ಒಂದು ಪುಕ್ಕಟೆ ಮಂಚ ಖಾಲಿ ಇದೆ. ನಿಜವಾಗಿ ಬಡವರು ಎಂದು ನೀವು ಕೇಳಿ ಹೇಳಿದರೆ ಇವತ್ತೇ ಕೊಡುತ್ತೇನೆ, ಕಾಗದ ಆಮೇಲೆ ತರಲಿ. ನಿಮ್ಮವರೇ ಅಲ್ಲವೇ?"

'ನಿಮ್ಮವರು' ಎಂಬುದು ನನಗೆ ಚುಚ್ಚಿತು. ಈ ಊರಲ್ಲಿ ಕನ್ನಡ ಎಂದರೆ ಕೆಲವರಿಗೆ ಇಟ್ಟಿಗೆ ಹೊರುವವರೇ ನೆನಪಾಗುತ್ತಾರೆ. ಯಾರೂ ಕೇಳದಿದ್ದರೂ, "ನಾವು ಮೈಸೂರು ಕಡೆಯವರು, ಇವರು ಬೇರೆ" ಎಂದೆ.

ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ಊರಲ್ಲಿ ಮನೆ, ಹೊಲ ಏನಾದರೂ ಇದೆಯೇನಮ್ಮ?" ಎಂದು ಕೇಳಿದೆ.

ಕನ್ನಡ ಕೇಳಿ ಅವಳ ಮುಖ ಅರಳಿತು. ಸೆರಗು ಸರಿಮಾಡಿಕೊಂಡಳು. "ಅದಾವ್ರಿ ಅಮ್ಮಾರ. ಮನಿ ಅದ, ಹೊಲಾ ಅದ, ಎಲ್ಲಾ ಅದ. ದೇವ್ರು ನಮಗ ಏನೂ ಕಡ್ಮಿ ಮಾಡಿಲ್ರಿ."

ಅದು ಎಂಥ ಉತ್ತರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪರಊರಲ್ಲಿ, ಗುರುತಿಲ್ಲದವರ ಎದುರು, ಕಾಲು ಮುರಿದು ಮಲಗಿದ ಗಂಡನಿಗೆ ಕೇಳುವ ಹಾಗೆ ಯಾವ ಹೆಂಗಸು 'ನಮಗೆ ಏನೂ ಇಲ್ಲ' ಎನ್ನುತ್ತಾಳೆ? ಡಬ್ಬದಲ್ಲಿ ಅಕ್ಕಿ ತೀರಿದರೆ ನಮ್ಮಮ್ಮನೂ 'ಅಕ್ಕಿ ತುಂಬಿದೆ' ಎನ್ನುತ್ತಿದ್ದಳು. ಇಲ್ಲ ಎಂದರೆ ಮನೆಗೆ ಆಗದು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಹೊಲದಿಂದ ಹೊಟ್ಟೆ ತುಂಬುವಂತಿದ್ದರೆ ಇವರು ಹಡಪಸರದ ತಗಡಿನ ಶೆಡ್ಡಿಗೆ ಬರುತ್ತಿದ್ದರೇ? ಆದರೆ ವರಾಂಡದಲ್ಲಿ ನನ್ನ ಜನ ಕಾಯುತ್ತಿದ್ದರು. ಅವಳ ಕಿವಿಯಲ್ಲಿ ಹಳದಿಯದೇನೋ ಹೊಳೆಯಿತು. ನಾನು ಅದನ್ನೂ ನೋಡಿದೆ.

"ಮನೆ ಇದೆ, ಹೊಲ ಇದೆ, ಯಾವ ಕೊರತೆಯೂ ಇಲ್ಲವಂತೆ" ಎಂದು ಶುದ್ಧ ಮರಾಠಿಯಲ್ಲಿ ಹೇಳಿದೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ಬದಲಿಸಲಿಲ್ಲ.

"ಹಾಗಾದರೆ ನಾನು ಹೇಗೆ ಕೊಡಲಿ? ಸರ್ಕಾರಿ ಆಸ್ಪತ್ರೆಗೆ ಹೋಗಲಿ" ಎಂದಳು ಅಧಿಕಾರಿ. ಹೊರಡುವಾಗ, "ನಿಮ್ಮ ಮರಾಠಿ ಕೇಳಿದರೆ ಕನ್ನಡದವರು ಅನ್ನಿಸುವುದೇ ಇಲ್ಲ" ಎಂದಳು. ನಾನು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗಲೂ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ. ಅವಳ ಹಿಂದೆಯೇ ಹೋಗಿ ನಿಜ ಹೇಳಲು ಬೇಕಾದಷ್ಟು ಹೊತ್ತಿತ್ತು. ಹೋಗಲಿಲ್ಲ.

"ಅವ್ರು ಏನಂದ್ರರಿ ಅಮ್ಮಾರ?" ಎಂದು ಆ ಹೆಂಗಸು ಕೇಳಿದಳು.

ಅವಳ ಮುಖ ನೋಡಲಾಗದೆ, "ಪುಕ್ಕಟೆ ಮಂಚ ಖಾಲಿ ಇಲ್ಲವಂತಮ್ಮ, ಬೇರೆ ಯಾರಿಗೋ ಕೊಟ್ಟಾಯಿತಂತೆ" ಎಂದೆ.

ಅವಳು ಗಂಡನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

"ಇರ್ಲಿ ಬಿಡ್ರಿ" ಎಂದಳು. "ಪಾಪ, ನಮಗಿಂತ ಬಡವ್ರು ಯಾರರ ಬಂದಿರ್ತಾರ."