ಮದುವೆ ಇಲ್ಲದ ತಿಂಗಳಲ್ಲಿ ನನ್ನ ಹಡಗು

"ಮೇಡಂ, ನೀವು ಕ್ರೂಸ್ ಬುಕ್ ಮಾಡೋಕೆ ಬಂದಿದ್ದೀರೋ, ಮಗಳ ಮದುವೆಗೆ ಮುಹೂರ್ತ ನೋಡ್ತಿದ್ದೀರೋ?"

ವಡೋದರದ ಅಲ್ಕಾಪುರಿಯ ಟ್ರಾವೆಲ್ ಏಜೆಂಟ್ ಹಿಂದಿಯಲ್ಲಿ ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಪಂಚಾಂಗವಿತ್ತು. ಅವನ ಬಣ್ಣಬಣ್ಣದ ಬ್ರೋಷರ್‌ಗಳನ್ನೆಲ್ಲ ಬದಿಗೆ ಸರಿಸಿ ನಾನು ಅದರ ಪುಟ ಮಗುಚುತ್ತಿದ್ದೆ.

"ಮುಹೂರ್ತ ಇಲ್ಲದ ದಿನ ಹುಡುಕ್ತಿದ್ದೇನೆ" ಅಂದೆ.

ಪಾಪ, ಅವನಿಗೆ ತಲೆಬುಡ ತಿಳಿಯಲಿಲ್ಲ. ನಿಮಗೆ ತಿಳಿಯುತ್ತದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮದುವೆಯಾಗಿ ಮಂಗಳೂರಿನಿಂದ ವಡೋದರಕ್ಕೆ ಬಂದವಳು ನಾನು. ಗಂಡನದು ಉಡುಪಿ ಹೋಟೆಲು. ಅಂದಿನಿಂದ ಇಂದಿನವರೆಗೆ ನಾನು ರೈಲು ಹತ್ತಿದ್ದೆಲ್ಲ ಮದುವೆ, ಮುಂಜಿ, ಗೃಹಪ್ರವೇಶ, ನಾಮಕರಣ ಇವಕ್ಕೇ. ಊರು ಬಿಟ್ಟು ದೂರ ಇರುವ ನಮ್ಮಂಥ ಹೋಟೆಲಿನವರ ಮನೆಗಳಲ್ಲಿ ಇದೇ ಪದ್ಧತಿ. ರಜೆ ಅಂದರೆ ಫಂಕ್ಷನ್. ಫಂಕ್ಷನ್ ಅಂದರೆ ಹೆಂಗಸರು ಮುಂಚಿತವಾಗಿ ಹೋಗಿ ಅಡುಗೆಮನೆ ವಹಿಸಿಕೊಳ್ಳುವುದು. ನೆಂಟರ ಮನೆಯಲ್ಲಿ ಏನೂ ಇಲ್ಲದಿದ್ದರೆ ಕೊಯಾಲಿಯ ರಿಫೈನರಿ ಟೌನ್‌ಶಿಪ್‌ನಲ್ಲಿ ಯಾರಾದರೂ ಕನ್ನಡದವರ ಸೀಮಂತ ಇದ್ದೇ ಇರುತ್ತದೆ. ನನ್ನ ಸೂಟ್‌ಕೇಸು ಪಟ್ಟೆ ಸೀರೆ ಬಿಟ್ಟು ಬೇರೇನನ್ನೂ ಕಂಡದ್ದಿಲ್ಲ.

ಈ ಸಲ ನನಗೆ ಲಕ್ಷದ್ವೀಪಕ್ಕೆ ಹೋಗಬೇಕಿತ್ತು. ಹಡಗಿನಲ್ಲಿ.

ಹೇಳಿದ್ದೇ ತಡ, ಮನೆಯಲ್ಲಿ ಎಲ್ಲರೂ ಭೂಗೋಳದ ಮೇಷ್ಟ್ರಾದರು. "ದ್ವೀಪವೇ ಬೇಕಾದ್ರೆ ಬೇಟ್ ದ್ವಾರಕಾ ಇಲ್ವಾ? ದೇವರ ದರ್ಶನವೂ ಆಗ್ತದೆ" ಅಂದರು ನನ್ನ ಯಜಮಾನರು. (ಅಲ್ಲಿಗೀಗ ಸೇತುವೆಯಾಗಿದೆ. ಕಾರಿನಲ್ಲಿ ಕೂತು ದ್ವೀಪಕ್ಕೆ ಹೋಗುವುದಾದರೆ ನನಗೆ ಹಡಗು ಯಾಕೆ?) ಪಕ್ಕದ ಮನೆಯ ಹಂಸಾಬೆನ್ ಗಂಡ ದೀವ್‌ಗೆ ಹೋಗಿ ಎಂದರು. ಹಂಸಾಬೆನ್ ಮುಖ ಸಿಂಡರಿಸಿದರು. ಪಾನನಿಷೇಧದ ಈ ರಾಜ್ಯದ ಗಂಡಸರು ದೀವ್‌ಗೆ ಯಾವ ಗಾಳಿ ಸೇವಿಸಲು ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲವೇ? ಇನ್ನು ಮಗಳು. "ಮಾಲ್ಡೀವ್ಸ್ ಹೋಗು ನೆ ಅಮ್ಮಾ, ಫೋಟೋಸ್ ಸೂಪರ್ ಬರ್ತದೆ." (ಅವಳ ಕನ್ನಡದ ಬಾಲಕ್ಕೆ ಗುಜರಾತಿಯ ಆ 'ನೆ' ಅಂಟಿಕೊಂಡೇ ಇರುತ್ತದೆ.)

ಸೂರತ್‌ನಿಂದ ಅಕ್ಕನ ಫೋನ್ ಬಂತು. ಅಕ್ಕ ಅಂದರೆ ನನ್ನ ಭಾವನ ಹೆಂಡತಿ. ಅವರದೂ ಹೋಟೆಲು, ನಮ್ಮದಕ್ಕಿಂತ ದೊಡ್ಡದು. "ಸಮುದ್ರದ ಹತ್ರವೇ ಹುಟ್ಟಿದವಳು ನೀನು. ಸಮುದ್ರ ನೋಡ್ಲಿಕ್ಕೆ ದುಡ್ಡು ಕೊಟ್ಟು ಹೋಗ್ಬೇಕಾ ಮಾರಾಯ್ತಿ?"

ಹೋಗಬೇಕು. ಯಾಕೆ ಅಂತ ಹೇಳುತ್ತೇನೆ.

ಮಂಗಳೂರಿನ ಬಂದರಿನಲ್ಲಿ ನಮ್ಮಪ್ಪನ ದಿನಸಿ ಅಂಗಡಿ ಇತ್ತು. ಮಳೆಗಾಲ ಮುಗಿದದ್ದೇ ಲಕ್ಷದ್ವೀಪದಿಂದ ಕೊಬ್ಬರಿ ಹೊತ್ತ ಮಂಜಿಗಳು (ಮರದ ಸರಕುದೋಣಿಗಳು) ಬರುತ್ತಿದ್ದವು, ಹೋಗುವಾಗ ಅಕ್ಕಿ ಬೇಳೆ ತುಂಬಿಕೊಂಡು ಹೋಗುತ್ತಿದ್ದವು. ದ್ವೀಪದವರು ನಮಗಾಗಿ ಬಾಳೆಯ ಒಣಗಿದ ಎಲೆಯಲ್ಲಿ ಸುತ್ತಿದ ತೆಂಗಿನಕಾಯಿ ಬೆಲ್ಲದ ಉಂಡೆ ತರುತ್ತಿದ್ದರು. ಅಣ್ಣಂದಿರು ಮಂಜಿ ಹತ್ತಿ ಇಳಿದು ಕುಣಿಯುತ್ತಿದ್ದರು. ನಾನು ದಡದ ದಕ್ಕೆಯಲ್ಲಿ ನಿಂತು ಉಂಡೆ ತಿನ್ನುತ್ತಿದ್ದೆ. "ಹೆಣ್ಣುಮಕ್ಕಳಿಗೆ ಮಂಜಿಯಲ್ಲಿ ಎಂತ ಕೆಲಸ?" ಎಂದು ಅಪ್ಪ ಒಮ್ಮೆ ಗದರಿಸಿದ್ದರು. ಸಮುದ್ರದ ಹತ್ತಿರ ಹುಟ್ಟಿದ್ದೇನೆ, ನಿಜ. ಸಮುದ್ರದ ಮೇಲೆ ಒಂದು ಗಳಿಗೆಯೂ ಇದ್ದವಳಲ್ಲ. ಆ ಸಿಟ್ಟು ನನಗೆ ಈಗಲೂ ಇದೆ.

ಜಾಗವೇನೋ ಗಟ್ಟಿಯಾಯಿತು. ಸೀಸನ್?

ಜೂನ್‌ನಿಂದ ಕಡಲು ಕೆಟ್ಟಿರುತ್ತದೆ, ಪ್ರವಾಸಿಗರ ಹಡಗು ಹೊರಡುವುದಿಲ್ಲ. ಮಳೆ ನಿಲ್ಲುವಾಗ ನವರಾತ್ರಿ. ಗರ್ಬಾ ಕುಣಿದು ಹಸಿದು ಬಂದವರಿಗೆಲ್ಲ ದೋಸೆ ಬೇಕು, ಯಜಮಾನರು ಹೋಟೆಲು ಬಿಟ್ಟು ಅಲ್ಲಾಡುವ ಹಾಗಿಲ್ಲ. ದೀಪಾವಳಿಗೆ ಗುಜರಾತಿಗೆ ಗುಜರಾತೇ ಅಂಗಡಿಗೆ ಬೀಗ ಜಡಿದು ಟೂರ್ ಹೊರಡುತ್ತದೆ (ಥೇಪ್ಲಾ, ಖಾಖ್ರಾಗಳ ಬುತ್ತಿ, ಅಡುಗೆಯ ಮಹಾರಾಜ್ ಸಮೇತ). ಆಗ ಟಿಕೆಟ್ ಸಿಗುವುದು ಕಷ್ಟ. ಸಿಕ್ಕರೂ ಅತ್ತ ಕಡೆ ಇನ್ನೂ ಹಿಂಗಾರು, ಚಂಡಮಾರುತದ ಹೆದರಿಕೆ. ಅದು ಮುಗಿದದ್ದೇ ಮದುವೆಗಳು ಶುರು. ಸಂಕ್ರಾಂತಿ ಕಳೆದ ಮೇಲೂ ಮದುವೆಗಳೇ. ಮೇ ತಿಂಗಳಲ್ಲಿ ಊರಿನ ಮದುವೆಗಳು. ಆಮೇಲೆ ಮತ್ತೆ ಜೂನ್ ಬಂತಲ್ಲ!

ಉಳಿದದ್ದು ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ. ಗುಜರಾತಿಗಳಲ್ಲೂ ಇಲ್ಲ. ಅವರು ಇದನ್ನು ಕಮೂರ್ತಾ ಅನ್ನುತ್ತಾರೆ. ಯಾರೂ ಮದುವೆಯಾಗುವಂತಿಲ್ಲ, ಯಾರೂ ಹೊಸ ಮನೆ ಹೊಗುವಂತಿಲ್ಲ, ಹೋಟೆಲಿಗೂ ಪಾರ್ಟಿ ಆರ್ಡರ್‌ಗಳ ಗಲಾಟೆ ಇಲ್ಲ. ಕಡಲೂ ಶಾಂತ. ಇದಕ್ಕಿಂತ ಒಳ್ಳೆಯ ತಿಂಗಳು ಬೇಕೇ? ಜನವರಿ ಮೊದಲ ವಾರ, ಕೊಚ್ಚಿಯಿಂದ ಹೊರಡುವ ಹಡಗಿನಲ್ಲಿ ಎರಡು ಬರ್ತ್ ಹಾಕಿ ಅಂದೆ.

"ಸರ್‌ಗೆ ಒಂದು ಮಾತು ಕೇಳಿಬಿಡಿ, ಬೆನ್" ಅಂದ ಏಜೆಂಟ್.

"ಸರ್ ನನ್ನನ್ನು ಕೇಳಿ ಹೋಟೆಲು ಶುರು ಮಾಡಿದ್ರಾ?" ಅಂದೆ. ಅವನು ಕಂಪ್ಯೂಟರ್ ಕಡೆ ತಿರುಗಿದ.

ಸೂರತ್‌ನಲ್ಲಿ ಅಕ್ಕ ಬೆಚ್ಚಿಬಿದ್ದರು. "ಧನುರ್ಮಾಸದಲ್ಲಿ ಯಾರಾದ್ರೂ ಅಷ್ಟು ದೂರ ಹೊರಡ್ತಾರಾ? ಅದೂ ನೀರಿನ ಮೇಲೆ! ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

"ಈ ತಿಂಗಳಿಡೀ ದೇವಸ್ಥಾನದಲ್ಲಿ ಬೆಳಗಾಗುವ ಮೊದಲೇ ಪೂಜೆ ಉಂಟಲ್ಲ ಅಕ್ಕ, ಹುಗ್ಗಿಯ ನೈವೇದ್ಯ ಬೇರೆ. ದೇವರಿಗೆ ಒಳ್ಳೆಯ ತಿಂಗಳು ನನಗೊಬ್ಬಳಿಗೆ ಕೆಟ್ಟದ್ದಾ?"

ಅಕ್ಕ ಫೋನ್ ಇಟ್ಟರು. ಗೆದ್ದೆ ಅಂದುಕೊಂಡೆ. ನಮ್ಮ ಬಳಗವನ್ನು ನಾನು ಇಷ್ಟು ಕಡಿಮೆ ಅಂದಾಜು ಮಾಡಬಾರದಿತ್ತು.

ಕಳೆದ ವಾರ ಮತ್ತೆ ಫೋನ್. ಅಕ್ಕನ ಮಗ ಸುಹಾಸನಿಗೆ ಸಂಬಂಧ ಬಂದಿದೆ. ಹುಡುಗಿಯ ಮನೆ ಅಹಮದಾಬಾದ್‌ನಲ್ಲಿ, ತಂದೆ ಅಲ್ಲಿ ವಿಜ್ಞಾನಿ. "ನಿಶ್ಚಿತಾರ್ಥ ಅಲ್ಲ ಮಾರಾಯ್ತಿ, ಹುಡುಗಿ, ಅವಳ ಮನೆಯವರು ಸುಮ್ಮನೆ ನಮ್ಮ ಮನೆ ನೋಡ್ಲಿಕ್ಕೆ ಬರೋದು. ಅದಕ್ಕೆ ಎಂತ ಮುಹೂರ್ತ?" ಬರುವ ದಿನ ಯಾವುದು ಹೇಳಿ? ಕೊಚ್ಚಿಯಿಂದ ನನ್ನ ಹಡಗು ಬಿಡುವ ದಿನ! "ಊಟದ್ದು ನಿನ್ನದೇ. ನಿನ್ನ ಹಾಗೆ ಹೋಳಿಗೆ, ಅನಾನಸ್ ಮೆಣಸ್ಕಾಯಿ ಬೇರೆ ಯಾರಿಗೆ ಬರ್ತದೆ?"

ನೋಡಿ, ನಮ್ಮನ್ನು ಯಾರೂ ಬೈದು ಒಲೆಯ ಮುಂದೆ ನಿಲ್ಲಿಸಿದ್ದಲ್ಲ. ಹೊಗಳಿ ಹೊಗಳಿಯೇ ನಿಲ್ಲಿಸಿದ್ದು. ಅರ್ಧ ಸೂರತ್‌ಗೆ ಊಟ ಹಾಕುವ ಹೋಟೆಲು ಅವರದು. ನಾಲ್ಕು ಜನ ಅತಿಥಿಗಳಿಗೆ ಬಡಿಸಲು ವಡೋದರದಿಂದ ನಾನೇ ಬರಬೇಕಂತೆ.

ಯಜಮಾನರು ಮೆಲ್ಲಗೆ ಹೇಳಿದರು. "ಹಡಗು ಎಲ್ಲಿಗೆ ಹೋಗ್ತದೆ? ಸ್ವಲ್ಪ ಮುಂದೆ ಹಾಕು. ಸಂಕ್ರಾಂತಿ ಕಳೀಲಿ."

ಸಂಕ್ರಾಂತಿ ಕಳೆದರೆ ಸುಹಾಸನ ನಿಶ್ಚಿತಾರ್ಥ. ಆಮೇಲೆ ಮದುವೆ. ಆಮೇಲೆ ಮಳೆ. ಮುಂದಿನ ವರ್ಷ ನನ್ನ ಮೊಣಕಾಲಿನ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿಯಾಗಿದೆ. ಆ ದ್ವೀಪಗಳಲ್ಲಿ ದೊಡ್ಡ ಹಡಗು ದೂರವೇ ನಿಲ್ಲುವುದಂತೆ. ಅಲ್ಲಿಂದ ಓಲಾಡುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು. ಹಾಗೆ ಇಳಿಯುವ ಕಾಲು ಈಗ ಇದೆ. ಮುಂದೆ ಇರುತ್ತದೆ ಎಂದು ಬರೆದುಕೊಡುವವರು ಯಾರು? ಇದನ್ನೆಲ್ಲ ಯಜಮಾನರಿಗೆ ಹೇಳುವಾಗ ನನಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಎರಡನೆಯ ಬರ್ತ್ ನಿಮ್ಮದು. ಬರದಿದ್ದರೆ ಹಂಸಾಬೆನ್ ರೆಡಿ ಇದ್ದಾರೆ" ಅಂದೆ. (ಸುಳ್ಳಲ್ಲ. ಅವರು ಆಗಲೇ ಬಟ್ಟೆ ಇಸ್ತ್ರಿ ಮಾಡಿಸಿದ್ದಾರೆ.) ಯಜಮಾನರು ಹೋಟೆಲಿಗೆ ಹೊರಟರು. ಸಂಜೆ ಹೋಟೆಲಿನಿಂದ ಬಂದವರು, ಹಡಗಿನಲ್ಲಿ ಕಾಫಿ ಹೇಗಿರುತ್ತದೆ ಎಂದು ಕೇಳಿದರು. ಬರುತ್ತಾರೋ ಇಲ್ಲವೋ, ಇದನ್ನು ಬರೆಯುವವರೆಗೆ ಗೊತ್ತಾಗಿಲ್ಲ.

ಅಕ್ಕನಿಗೆ ಮಾತ್ರ ನಾನೇ ಫೋನ್ ಮಾಡಿದೆ. ಬರುವುದಿಲ್ಲ ಅಂದೆ. ಅಕ್ಕ, "ಮನೆಗೆ ಸೊಸೆಯಾಗಿ ಬರುವ ಹುಡುಗಿ ಮಾರಾಯ್ತಿ. ಚಿಕ್ಕತ್ತೆ ಎಲ್ಲಿ ಅಂತ ಕೇಳಿದ್ರೆ ನಾನೆಂತ ಹೇಳ್ಲಿ?" ಅಂದರು.

"ಹಡಗಿನಲ್ಲಿದ್ದಾಳೆ ಅಂತಲೇ ಹೇಳಿ ಅಕ್ಕ. ಒಪ್ಪುವ ಮೊದಲು ಈ ಮನೆಯ ಬಗ್ಗೆ ಒಂದಾದ್ರೂ ಒಳ್ಳೆಯ ಸುದ್ದಿ ಆ ಹುಡುಗಿಯ ಕಿವಿಗೆ ಬೀಳಲಿ."