ಸಂಡಿಗೆ ಒಣಗಿಸಿದ ತಗಡು

ದೂರದೇಶದ ಟ್ರೋಲ್‌ಹೆಟ್ಟನ್ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ ನಾನು ಕಳೆದ ಮೊದಲ ಬೇಸಿಗೆ ಅದು. ಸೈನ್ಯದ ಆರ್ಮರ್ಡ್ ಗಾಡಿಗಳು ಗಿಡಮರಗಳ ನಡುವೆ ಕಣ್ಣಿಗೆ ಬೀಳದಂತೆ ಬಳಿಯುವ ಕ್ಯಾಮಫ್ಲಾಜ್ ಬಣ್ಣ ಪರೀಕ್ಷಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಕಾಡಿನ ಬೆಳಕಿನಲ್ಲಿ ಬಣ್ಣ ಹೇಗೆ ಕಾಣುತ್ತದೆಂದು ನೋಡಲು, ಹಸಿರು, ಕಂದು, ಕಪ್ಪು ತೇಪೆಗಳ ಸ್ಯಾಂಪಲ್ ತಗಡೊಂದನ್ನು ಕಾಡಂಚಿನ ಈ ಮನೆಗೆ ತಂದಿದ್ದಳು. ನಾನು ಹಳೆಯ ಟ್ರೇ ಎಂದುಕೊಂಡು, ಅದರ ಮೇಲೆ ಅಕ್ಕಿ ಸಂಡಿಗೆ ಇಟ್ಟು, ಹಿತ್ತಲಾಚೆ ಬಿಸಿಲು ಬೀಳುವ ಪೊದೆಗಳ ನಡುವೆ ಒಣಗಲು ಬಿಟ್ಟೆ.

ಭಾನುವಾರ ಸಂಜೆ ಮಗಳು ಕೇಳಿದಳು. “ಅಮ್ಮಾ, ಇಲ್ಲಿದ್ದ ಪ್ಲೇಟ್ ಎಲ್ಲಿ? ನಾಳೆ ವಾಪಸ್ ಕೊಡ್ಬೇಕು.”

“ಆ ಟ್ರೇನಾ? ಸಂಡಿಗೆ ಹಾಕಿದೀನಿ.”

“ಅಯ್ಯೋ, ಟ್ರೇ ಅಲ್ಲಮ್ಮಾ ಅದು! ಕಳೆದ್ರೆ ನನ್ನ ಕೆಲಸಾನೂ ಹೋಗುತ್ತೆ, ಈ ದೇಶದಲ್ಲಿರೋ ಪರ್ಮಿಟ್ಟೂ ಹೋಗುತ್ತೆ.”

ಇಬ್ಬರೂ ಓಡಿದೆವು. ಬಿಳಿ ಸಂಡಿಗೆಯನ್ನು ಹಕ್ಕಿಗಳು ಬಹುಪಾಲು ತಿಂದುಬಿಟ್ಟಿರಬೇಕು. ಬರಿಯ ತಗಡು ಪೊದೆಯೊಳಗೆ ಎಲ್ಲಿಯೂ ಕಾಣಲಿಲ್ಲ. ಸ್ಟುಪಿಡ್ ಓಲ್ಡ್ ವುಮನ್ ಎಂದು ನನ್ನನ್ನೇ ಬೈದುಕೊಂಡೆ. ಕಳೆದದ್ದನ್ನು ಹುಡುಕಿಕೊಡುವ ಸಂತನಿಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪ್ರೇಯರ್ ತಾನಾಗಿ ಬಾಯಿಗೆ ಬಂತು. ಒಂದು ಗಂಟೆ ತಡಕಾಡಿದ ಮೇಲೆ, ಎಲ್ಲೋ ಟಕ್ ಟಕ್ ಎಂದು ಲೋಹದ ಸದ್ದು. ಮ್ಯಾಗ್‌ಪೈ ಹಕ್ಕಿಯೊಂದು ಉಳಿದ ಸಂಡಿಗೆ ಕುಕ್ಕುತ್ತಿತ್ತು, ನಮ್ಮಿಂದ ಎರಡೇ ಹೆಜ್ಜೆ ದೂರದಲ್ಲಿ.

ಮಗಳು ತಗಡನ್ನು ಎದೆಗವಚಿಕೊಂಡು, “ಬಣ್ಣ ಫಸ್ಟ್ ಕ್ಲಾಸ್ ಬಿಡಮ್ಮಾ, ನನಗೇ ಕಾಣ್ಲಿಲ್ಲ,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ತಗಡಿನ ಮೂಲೆಗೆ ಒಂದು ಜೀರಿಗೆ ಕಾಳು ಅಂಟಿತ್ತು. ಉಸಿರು ಬಿಗಿಹಿಡಿದು ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಬಣ್ಣ ಏಳಲಿಲ್ಲ.